ಮಾತ್ರೆಗೆ ಮುಂಚಿನ ಒಂದು ನಿಮಿಷ

ಹೃದಯ ವೈಫಲ್ಯದ ರೋಗಿಗೆ, ಬಡಿತ ನಿಧಾನಗೊಳಿಸುವ ಡಿಜಾಕ್ಸಿನ್ ಮಾತ್ರೆ ಕೊಡುವ ಮೊದಲು ಅನುಭವಿ ನರ್ಸ್ ಬರೀ ಮಣಿಕಟ್ಟು ಹಿಡಿದು ನೋಡಿ ಸುಮ್ಮನಾಗುವುದಿಲ್ಲ. ಎದೆಯ ಎಡಭಾಗದಲ್ಲಿ, ಐದನೇ ಮತ್ತು ಆರನೇ ಪಕ್ಕೆಲುಬುಗಳ ನಡುವೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುತ್ತಾರೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯದು. ಇಂಥ ರೋಗಿಗಳಲ್ಲಿ ಅನೇಕರ ಹೃದಯ ತಾಳ ತಪ್ಪಿರುತ್ತದೆ. ದುರ್ಬಲ ಬಡಿತಗಳು ಮಣಿಕಟ್ಟಿನವರೆಗೆ ಬಂದು ಮುಟ್ಟುವುದೇ ಇಲ್ಲ. ವಯಸ್ಕರಲ್ಲಿ ಎಣಿಕೆ 60ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಮಾತ್ರೆ ತಡೆಹಿಡಿದು ವೈದ್ಯರಿಗೆ ತಿಳಿಸುತ್ತಾರೆ.

ಈ ಔಷಧದ ಮೂಲ ಫಾಕ್ಸ್‌ಗ್ಲೋವ್ ಎಂಬ ಹೂಗಿಡ. ಮೈಯಲ್ಲಿ ನೀರು ತುಂಬಿಕೊಂಡವರಿಗೆ ಅದನ್ನು ಕೊಟ್ಟು ಪರೀಕ್ಷಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಎಚ್ಚರಿಸಿದ್ದ: ಪ್ರಮಾಣ ಮೀರಿದರೆ ವಾಂತಿ, ನಿಧಾನ ನಾಡಿ, ಕಣ್ಣಿಗೆ ಎಲ್ಲವೂ ಹಳದಿ ಹಸಿರು. ನಮ್ಮ ಬೇಲಿಯ ಕಣಗಿಲೆಯ ವಿಷವೂ ಇದೇ ಜಾತಿಯದು. ಇಂದು ಹೃದಯ ವೈಫಲ್ಯಕ್ಕೆ ಡಿಜಾಕ್ಸಿನ್ ಮೊದಲ ಆಯ್ಕೆಯಲ್ಲ, ಆದರೂ ಬಳಕೆ ನಿಂತಿಲ್ಲ.

ತೊಡಕು ಇರುವುದು ಜೊತೆಯ ಮಾತ್ರೆಯಲ್ಲಿ. ಡಿಜಾಕ್ಸಿನ್ ಹೃದಯದ ಜೀವಕೋಶದಲ್ಲಿ ಹಿಡಿಯುವ ಜಾಗಕ್ಕೆ ಪೊಟ್ಯಾಸಿಯಮ್ ಪೈಪೋಟಿಗಿಳಿಯುತ್ತದೆ. ನೀರು ಇಳಿಸಲು ಕೊಡುವ ಫ್ಯೂರೊಸೆಮೈಡ್ ಮೂತ್ರದೊಂದಿಗೆ ಪೊಟ್ಯಾಸಿಯಮ್ಮನ್ನೂ ಹೊರಹಾಕುತ್ತದೆ. ಪೈಪೋಟಿ ಸಡಿಲವಾದಂತೆ, ನಿನ್ನೆ ಹಿತವಾಗಿದ್ದ ಪ್ರಮಾಣವೇ ಇಂದು ವಿಷವಾಗಬಹುದು. ‘ಅಜ್ಜನಿಗೆ ಆಸ್ಪತ್ರೆಯ ಊಟ ಸೇರುತ್ತಿಲ್ಲ’ ಎಂದು ಮನೆಯವರು ಹೇಳಿದಾಗ ನರ್ಸ್ ರಕ್ತಪರೀಕ್ಷೆಯ ವರದಿ ಹುಡುಕುವುದು ಇದಕ್ಕೇ. ಹಸಿವು ಕಟ್ಟುವುದು ವಿಷದ ಮೊದಲ ಸುಳಿವಾಗಿರಬಹುದು. ನೀರು ಇಳಿಸುವ ಇನ್ನೊಂದು ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಕಥೆ ತಿರುಗುಮುರುಗು: ಅದು ಪೊಟ್ಯಾಸಿಯಮ್ ಏರಿಸುತ್ತದೆ. ಆಗ ಅಕ್ಕರೆಯಿಂದ ತಂದ ಎಳನೀರು, ಪೊಟ್ಯಾಸಿಯಮ್ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪು ಎರಡೂ ಅಪಾಯ.

ಇನ್ನು ತೂಕದ ಯಂತ್ರ. ಬೆಳಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದಲ್ಲಿ ತೂಗಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಉಂಡ ಅನ್ನದ ತೂಕವಲ್ಲ, ಮೈಯಲ್ಲಿ ನಿಂತ ನೀರಿನದು. ಪಾದ ಊದುವ ಮೊದಲೇ ಮುಳ್ಳು ಇದನ್ನು ತೋರಿಸುತ್ತದೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗಿದ ಐಬುಪ್ರೊಫೆನ್ ಕೂಡ ಮೈಯಲ್ಲಿ ನೀರು ನಿಲ್ಲಿಸಬಲ್ಲದು. ಹಾಗಾಗಿ ತೂಕ ಏರಿದಾಗ ಅದನ್ನೂ ಕೇಳಲೇಬೇಕು.

ನೀರಿನ ಮಾತ್ರೆ ದಿನಕ್ಕೆರಡು ಇದ್ದರೆ ಎರಡನೆಯದನ್ನು ಮಧ್ಯಾಹ್ನವೇ ಮುಗಿಸುವುದು ವಾಡಿಕೆ. ರಾತ್ರಿ ನುಂಗಿದರೆ ಹೃದಯಕ್ಕೇನೂ ನಷ್ಟವಿಲ್ಲ; ನಿದ್ದೆಗಣ್ಣಲ್ಲಿ ಬಚ್ಚಲಿಗೆ ಓಡುವ ಮುದುಕರು ಸೊಂಟ ಮುರಿದುಕೊಳ್ಳುತ್ತಾರೆ, ಅಷ್ಟೆ.