ನಡುವೆ ನಿಂತ ಫುಟ್‌ಬಾಲ್ ಋತು: ಆಡಿ ಮುಗಿಸುವುದೋ, ರದ್ದು ಮಾಡುವುದೋ?

ಸಾಮಾನ್ಯವಾಗಿ ಲೀಗ್‌ನಲ್ಲಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳನ್ನು ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಅಂಗಳದಲ್ಲಿ ಎದುರಿಸಿದ ಮೇಲಷ್ಟೇ ಅಂಕಪಟ್ಟಿ ಪೂರ್ಣವಾಗುತ್ತದೆ. ಋತು ಅರ್ಧಕ್ಕೆ ನಿಂತರೆ ಆಡಳಿತಗಾರರ ಮುಂದೆ ಮೂರು ದಾರಿಗಳಿರುತ್ತವೆ: ತಡವಾದರೂ ಉಳಿದ ಪಂದ್ಯಗಳನ್ನು ಆಡಿಸುವುದು, ನಿಂತಲ್ಲಿನ ಪಟ್ಟಿಯನ್ನೇ ಅಂತಿಮವೆಂದು ಘೋಷಿಸುವುದು, ಇಲ್ಲವೇ ಋತುವನ್ನು ದಾಖಲೆಯಿಂದಲೇ ತೆಗೆದುಹಾಕುವುದು. 2020ರ ವಸಂತದಲ್ಲಿ ಕೋವಿಡ್‌ನಿಂದ ಆಟ ನಿಂತಾಗ ಯುರೋಪಿನ ದೇಶಗಳು ಈ ಮೂರೂ ದಾರಿಗಳನ್ನು ಹಿಡಿದವು. ಒಂದೇ ದೇಶದೊಳಗೆ ಒಂದೊಂದು ಹಂತದ ಲೀಗ್‌ಗೆ ಒಂದೊಂದು ನ್ಯಾಯ ಅನ್ವಯವಾಯಿತು.

ಪ್ರಶ್ನೆ ಹೊಸದೇನಲ್ಲ. 1915ರ ಮೇ ತಿಂಗಳಲ್ಲಿ ಇಟಲಿ ಮಹಾಯುದ್ಧಕ್ಕೆ ಇಳಿದಾಗ ಅಲ್ಲಿನ ಲೀಗ್‌ನ ಉತ್ತರ ವಿಭಾಗದ ಕೊನೆಯ ಸುತ್ತಷ್ಟೇ ಬಾಕಿಯಿತ್ತು. ಮುಂಚೂಣಿಯಲ್ಲಿದ್ದ ಜಿನೋವಾಕ್ಕೆ ಯುದ್ಧ ಮುಗಿದ ಬಳಿಕ ಪ್ರಶಸ್ತಿ ನೀಡಲಾಯಿತಾದರೂ ಆ ಕುರಿತ ತಕರಾರು ನೂರು ವರ್ಷಗಳ ನಂತರವೂ ಕೇಳಿಬಂದಿತು. 1939ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ಲೀಗ್ ನಿಂತಾಗ ಆಡಿದ ಮೂರೂ ಪಂದ್ಯಗಳನ್ನು ಗೆದ್ದಿದ್ದ ಬ್ಲ್ಯಾಕ್‌ಪೂಲ್ ಅಗ್ರಸ್ಥಾನದಲ್ಲಿತ್ತು. ಆ ಫಲಿತಾಂಶಗಳು ಅಳಿಸಿಹೋದವು, ಅದೇ ವೇಳಾಪಟ್ಟಿಯನ್ನು 1946–47ರಲ್ಲಿ ಮೊದಲಿನಿಂದ ಆಡಿಸಲಾಯಿತು. 2012ರ ಫೆಬ್ರುವರಿಯಲ್ಲಿ ಪೋರ್ಟ್ ಸಯೀದ್ ಕ್ರೀಡಾಂಗಣದಲ್ಲಿ 70ಕ್ಕೂ ಹೆಚ್ಚು ಮಂದಿ ಸತ್ತಾಗ ಈಜಿಪ್ಟ್ ತನ್ನ ಲೀಗನ್ನೇ ರದ್ದುಪಡಿಸಿತು. ಅಷ್ಟು ಸಾವುಗಳ ಎದುರು ಅಂಕಗಳ ಮಾತೆತ್ತುವ ಸ್ಥಿತಿಯೇ ಇರಲಿಲ್ಲ.

2020ರ ಸಂಗತಿ ಬೇರೆ. ಆಟ ನಿಲ್ಲಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ, ಮತ್ತೆ ಎಂದು ಶುರುವಾದೀತೆಂದು ಹೇಳಬಲ್ಲವರೂ ಇರಲಿಲ್ಲ. ಮಾರ್ಚ್ 13ರಂದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನಿಂತಾಗ 92 ಪಂದ್ಯಗಳು ಬಾಕಿಯಿದ್ದವು, ಲಿವರ್‌ಪೂಲ್ 25 ಅಂಕಗಳಿಂದ ಮುಂದಿತ್ತು. ಏಪ್ರಿಲ್ ಆರಂಭದಲ್ಲಿ ಬೆಲ್ಜಿಯಂ ಲೀಗ್ ಋತುವನ್ನು ಮೊಟಕುಗೊಳಿಸುವ ಇಂಗಿತ ತೋರಿದಾಗ, ಅವಸರಪಟ್ಟರೆ ಯುರೋಪಿಯನ್ ಟೂರ್ನಿಗಳ ಸ್ಥಾನ ತಪ್ಪೀತೆಂದು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್ಎ ಎಚ್ಚರಿಸಿತು. ಅದೇ ತಿಂಗಳ ಕೊನೆಯ ಹೊತ್ತಿಗೆ, ಸರ್ಕಾರದ ನಿಷೇಧದಂತಹ ಕಾರಣವಿದ್ದರೆ ನಿಲ್ಲಿಸಬಹುದು, ಆದರೆ ಸ್ಥಾನಗಳ ಹಂಚಿಕೆ ಮೈದಾನದ ಸಾಧನೆಯನ್ನು ಆಧರಿಸಿರಬೇಕು ಎಂಬ ನಿಲುವಿಗೆ ಬಂದಿತು.

ನೆದರ್ಲೆಂಡ್ಸ್ ಚಾಂಪಿಯನ್ನರನ್ನೂ ಘೋಷಿಸಲಿಲ್ಲ, ಮೇಲಿನ ದರ್ಜೆಗೆ ಬಡ್ತಿ, ಕೆಳದರ್ಜೆಗೆ ಹಿಂಬಡ್ತಿಗಳನ್ನೂ ಕೊಡಲಿಲ್ಲ. ಎರಡನೇ ದರ್ಜೆಯಲ್ಲಿ ಅಗ್ರಸ್ಥಾನದಲ್ಲಿದ್ದ ಕಂಬೂರ್ ಕೋರ್ಟ್ ಮೆಟ್ಟಿಲೇರಿಯೂ ಬರಿಗೈಯಲ್ಲಿ ಮರಳಿತು. ಫ್ರಾನ್ಸ್ ಪಿಎಸ್‌ಜಿಗೆ (ಪ್ಯಾರಿಸ್ ಸೇಂಟ್ ಜರ್ಮೈನ್) ಪ್ರಶಸ್ತಿ ಕೊಟ್ಟು, ಹತ್ತು ಸುತ್ತುಗಳು ಬಾಕಿಯಿರುವಾಗಲೇ ಅಮಿಯಾ ಮತ್ತು ತುಲೂಸ್ ತಂಡಗಳನ್ನು ಕೆಳಕ್ಕಿಳಿಸಿತು. ಏಳನೇ ಸ್ಥಾನದಲ್ಲಿ ನಿಂತು ಮುಂದಿನ ಋತುವಿನ ಯುರೋಪಿಯನ್ ಟೂರ್ನಿಗಳ ಅವಕಾಶ ಕಳೆದುಕೊಂಡ ಲಿಯಾನ್, ಅದೇ ಆಗಸ್ಟ್‌ನಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ವರೆಗೆ ಹೋಯಿತು. ಸ್ಕಾಟ್ಲೆಂಡ್‌ನಲ್ಲಿ ಎಂಟು ಪಂದ್ಯಗಳು ಉಳಿದಿರುವಾಗ ತನಗಿಂತ ಮೇಲಿನ ತಂಡಕ್ಕಿಂತ ನಾಲ್ಕು ಅಂಕಗಳಷ್ಟೇ ಹಿಂದಿದ್ದ ಹಾರ್ಟ್ಸ್ ಕೆಳದರ್ಜೆಗೆ ಇಳಿಯಿತು. ಭಾರತದ ಐ–ಲೀಗ್‌ನಲ್ಲಿ ಮೋಹನ್ ಬಾಗನ್ ಮೊದಲೇ ಪ್ರಶಸ್ತಿ ಖಚಿತಪಡಿಸಿಕೊಂಡಿದ್ದರಿಂದ ಹಾಗೂ ಹಿಂಬಡ್ತಿಯನ್ನು ಕೈಬಿಟ್ಟಿದ್ದರಿಂದ ಉಳಿದ 28 ಪಂದ್ಯಗಳ ರದ್ದತಿ ದೊಡ್ಡ ವಿವಾದವಾಗಲಿಲ್ಲ.

ಋತುವನ್ನು ನಿಲ್ಲಿಸಿದ ಬಹುತೇಕ ಲೀಗ್‌ಗಳು ನೆಚ್ಚಿಕೊಂಡ ಸೂತ್ರವೆಂದರೆ ಪಂದ್ಯಕ್ಕೆ ಸರಾಸರಿ ಅಂಕ. ತಂಡ ಗಳಿಸಿದ ಅಂಕಗಳನ್ನು ಆಡಿದ ಪಂದ್ಯಗಳಿಂದ ಭಾಗಿಸುವುದು, ಬಂದ ಸಂಖ್ಯೆಯಂತೆ ಸ್ಥಾನ ಕೊಡುವುದು. ಸೂತ್ರ ಸರಳ, ಅದರ ಪೆಟ್ಟು ಸರಳವಲ್ಲ. ಇಂಗ್ಲೆಂಡಿನ ಮೂರನೇ ದರ್ಜೆಯಾದ ಲೀಗ್ ಒನ್‌ನಲ್ಲಿ ಟ್ರಾನ್ಮಿಯರ್ 34 ಪಂದ್ಯಗಳಿಂದ 32 ಅಂಕ ಗಳಿಸಿತ್ತು, ಅದಕ್ಕಿಂತ ಒಂದು ಸ್ಥಾನ ಮೇಲಿದ್ದ ವಿಂಬಲ್ಡನ್ 35 ಪಂದ್ಯಗಳಿಂದ 35. ಬಾಕಿಯಿದ್ದ ಆ ಒಂದು ಪಂದ್ಯವನ್ನು ಟ್ರಾನ್ಮಿಯರ್ ಗೆದ್ದಿದ್ದರೆ ಗೆಲುವಿನ ಮೂರು ಅಂಕ ಸೇರಿ ಎರಡೂ ಸಮವಾಗುತ್ತಿದ್ದವು. ಸೂತ್ರದ ಪ್ರಕಾರ ಮಾತ್ರ ಒಂದರದು 0.94, ಇನ್ನೊಂದರದು 1. ಟ್ರಾನ್ಮಿಯರ್ ಕೆಳಗಿಳಿಯಿತು. ಅದೇ ಲೆಕ್ಕ ವೈಕಂಬ್ ತಂಡವನ್ನು ಎಂಟನೇ ಸ್ಥಾನದಿಂದ ಮೂರಕ್ಕೆ ಎತ್ತಿತು. ಬಡ್ತಿಯನ್ನು ನಿರ್ಧರಿಸುವ ಪ್ಲೇ–ಆಫ್ ಪಂದ್ಯಗಳನ್ನು ಗೆದ್ದ ಆ ತಂಡ ಎರಡನೇ ದರ್ಜೆಗೇರಿತು. ಮಹಿಳೆಯರ ಸೂಪರ್ ಲೀಗ್‌ನಲ್ಲಿ 16 ಪಂದ್ಯಗಳಿಂದ 40 ಅಂಕ ಗಳಿಸಿ ಮುಂದಿದ್ದ ಮ್ಯಾಂಚೆಸ್ಟರ್ ಸಿಟಿಯ ಬದಲು, 15 ಪಂದ್ಯಗಳಿಂದ 39 ಅಂಕ ಗಳಿಸಿದ್ದ ಚೆಲ್ಸಿ ಚಾಂಪಿಯನ್ ಆಯಿತು. ಯಾರ ಎದುರಿನ ಪಂದ್ಯ ಬಾಕಿಯಿದೆ, ಅದು ತವರಿನದೋ ಹೊರಗಿನದೋ ಎಂಬುದನ್ನು ಈ ಸರಾಸರಿ ಕೇಳುವುದೇ ಇಲ್ಲ.

ಹಾಗಾದರೆ ಎಲ್ಲರೂ ಏಕೆ ಆಡಿ ಮುಗಿಸಲಿಲ್ಲ? ಖಾಲಿ ಕ್ರೀಡಾಂಗಣದಲ್ಲಿ ಆಡಿದರೂ ದೊಡ್ಡ ಲೀಗ್‌ಗಳಿಗೆ ಟಿವಿ ಪ್ರಸಾರದ ಹಣವಿತ್ತು. ಟಿಕೆಟ್ ಹಣವನ್ನೇ ನಂಬಿದ ಕೆಳಹಂತದ ಕ್ಲಬ್‌ಗಳಿಗೆ ಪ್ರೇಕ್ಷಕರಿಲ್ಲದ ಪ್ರತಿ ಪಂದ್ಯವೂ ನಷ್ಟವೇ, ಅದರ ಮೇಲೆ ಆಟಗಾರರ ಕೋವಿಡ್ ಪರೀಕ್ಷೆಯ ಖರ್ಚು ಬೇರೆ. ಅನೇಕರ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತಿದ್ದವು. ಹೀಗಾಗಿ 30 ವರ್ಷಗಳ ಬಳಿಕ ಲಿವರ್‌ಪೂಲ್ ಪುರುಷರ ತಂಡ ಆಡಿ ಪ್ರಶಸ್ತಿ ಗೆದ್ದ ಅದೇ ಜೂನ್‌ನಲ್ಲಿ, ಅದೇ ಕ್ಲಬ್‌ನ ಮಹಿಳಾ ತಂಡಕ್ಕೆ ಎಂಟು ಪಂದ್ಯಗಳನ್ನು ಆಡುವ ಅವಕಾಶವೇ ಸಿಗದೆ ಹಿಂಬಡ್ತಿಯಾಯಿತು.

ಆಡಿ ಮುಗಿಸಿದ ಲೀಗ್‌ಗಳೂ ದೋಷದಿಂದ ಪಾರಾಗಲಿಲ್ಲ. ಜೂನ್ 17ರಂದು ಪ್ರೀಮಿಯರ್ ಲೀಗ್ ಪುನರಾರಂಭವಾದ ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾದ ಗೋಲ್‌ಕೀಪರ್ ಚೆಂಡಿನ ಸಮೇತ ಗೋಲು ಗೆರೆಯಿಂದ ಒಳಕ್ಕೆ ಸರಿದರೂ ಗೋಲಾದುದನ್ನು ತಿಳಿಸುವ ತಂತ್ರಜ್ಞಾನದಿಂದ ರೆಫರಿಯ ಕೈಗಡಿಯಾರಕ್ಕೆ ಸಂಕೇತ ಬರಲಿಲ್ಲ. ಶೆಫೀಲ್ಡ್ ಯುನೈಟೆಡ್‌ಗೆ ಗೋಲು ಸಿಗದೆ ಪಂದ್ಯ 0–0ಯಲ್ಲಿ ಮುಗಿಯಿತು, ಋತುವಿನ ಕೊನೆಗೆ ವಿಲ್ಲಾ ಒಂದೇ ಒಂದು ಅಂಕದಿಂದ ಉಳಿಯಿತು, ಬೋರ್ನ್‌ಮೌತ್ ಇಳಿಯಿತು. ಆದರೂ ಬೋರ್ನ್‌ಮೌತ್‌ಗೆ ತನ್ನ ಉಳಿವಿಗಾಗಿ ಹೋರಾಡಲು ಒಂಬತ್ತು ಪಂದ್ಯಗಳಿದ್ದವು. ಟ್ರಾನ್ಮಿಯರ್‌ಗೆ ಒಂದೂ ಇರಲಿಲ್ಲ. ಮೈದಾನದ ತಪ್ಪು ಮತ್ತು ಕ್ಯಾಲ್ಕುಲೇಟರ್‌ನ ತೀರ್ಪು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ಪೂರ್ತಿ ರದ್ದತಿಯ ನೋವನ್ನು ಹೆಚ್ಚು ಉಂಡವರು ಇಂಗ್ಲೆಂಡಿನ ಇನ್ನೂ ಕೆಳಹಂತದ ಕ್ಲಬ್‌ಗಳು. 2020ರ ಮಾರ್ಚ್ 26ರಂದು ಅಲ್ಲಿನ ಹಲವು ಲೀಗ್‌ಗಳ ಫಲಿತಾಂಶಗಳನ್ನೇ ಅಳಿಸಲು ತೀರ್ಮಾನಿಸಲಾಯಿತು. 12 ಅಂಕಗಳಿಂದ ಮುಂದಿದ್ದ ಸೌತ್ ಶೀಲ್ಡ್ಸ್‌ಗೆ ಬಡ್ತಿ ಕೈತಪ್ಪಿತು, ಆಡಿದ 27 ಲೀಗ್ ಪಂದ್ಯಗಳನ್ನೂ ಗೆದ್ದಿದ್ದ ಜರ್ಸಿ ಬುಲ್ಸ್‌ನ ಗೆಲುವುಗಳು ಲೆಕ್ಕಕ್ಕೇ ಇಲ್ಲವಾದವು. ಮುಂದಿನ ಋತುವೂ ಅರ್ಧಕ್ಕೆ ನಿಂತಿತು. 2021ರಲ್ಲಿ ಲೀಗ್‌ಗಳನ್ನು ಮರುವಿಂಗಡಿಸುವಾಗ ಯಾರನ್ನು ಮೇಲಕ್ಕೇರಿಸಬೇಕೆಂದು ನಿರ್ಧರಿಸಲು ಆಧಾರ ಬೇಕಾಯಿತು. ಆಗ ತೆರೆದು ನೋಡಿದ್ದು ರದ್ದಾಗಿದ್ದ ಆ ಎರಡು ಋತುಗಳ ಫಲಿತಾಂಶಗಳನ್ನೇ. ಜರ್ಸಿ ಬುಲ್ಸ್‌ಗೆ ಅವುಗಳ ಆಧಾರದ ಮೇಲೆ ಬಡ್ತಿ ಸಿಕ್ಕಿತು, ಸೌತ್ ಶೀಲ್ಡ್ಸ್ ಮಾತ್ರ 2023ರವರೆಗೆ ಕಾದು, ತನ್ನ ಲೀಗನ್ನು ಆಡಿ ಗೆದ್ದೇ ಮೇಲೇರಬೇಕಾಯಿತು.