ಎಮರ್ಜೆನ್ಸಿಯಲ್ಲಿ ‘ಟೆಲಿ ಕನ್ಸಲ್ಟೇಶನ್’ ಅಂದರೆ ಏನು?

ಕಲಬುರಗಿಯಲ್ಲಿ ಈಗ ಫೋನಿನಲ್ಲಿ ನಡೆಯುವುದಕ್ಕೆಲ್ಲ ‘ಟೆಲಿ ಕನ್ಸಲ್ಟೇಶನ್’ ಎಂದೇ ಹೆಸರು. ಅಪಾಯಿಂಟ್‌ಮೆಂಟ್ ತಗೊಂಡರೂ ಅದೇ, ಲ್ಯಾಬ್ ರಿಪೋರ್ಟನ್ನು ಪರಿಚಯದ ಡಾಕ್ಟರಿಗೆ ವಾಟ್ಸ್‌ಆ್ಯಪ್ ಮಾಡಿದರೂ ಅದೇ. ಮೊನ್ನೆ ಒಂದು ದವಾಖಾನೆಯ ಬೋರ್ಡಿನ ಮೇಲೆ ‘24 ಗಂಟೆ ಎಮರ್ಜೆನ್ಸಿ ಟೆಲಿ ಕನ್ಸಲ್ಟೇಶನ್’ ಎಂದಿತ್ತು. ವಿಚಾರಿಸಿದರೆ ಆಂಬುಲೆನ್ಸ್ ಕರೆಯುವ ನಂಬರು. ಇದನ್ನು ಸುಮ್ಮನೆ ಬಿಡುವಂತಿಲ್ಲ. ದಮ್ಮು ಹತ್ತಿದವರ ಮನೆಯವರು ಆ ಬೋರ್ಡು ನಂಬಿ ಫೋನ್ ಹಿಡಿದು ಮನೆಯಲ್ಲೇ ಕೂತರೆ, ಆಕ್ಸಿಜನ್ ಸಿಗಬೇಕಾದ ಹೊತ್ತು ಕಳೆದುಹೋಗುತ್ತದೆ.

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತುರ್ತು ಸ್ಥಿತಿಯ ರೋಗಿ ನೇರವಾಗಿ ಫೋನಿನಲ್ಲಿ ಸಿಕ್ಕರೆ ವೈದ್ಯರು ಪ್ರಥಮ ಚಿಕಿತ್ಸೆ, ಜೀವ ಉಳಿಸುವ ಕ್ರಮ, ಎಲ್ಲಿಗೆ ಹೋಗಬೇಕೆಂಬ ಸಲಹೆ, ಇಷ್ಟರಲ್ಲೇ ನಿಲ್ಲಬೇಕು. ಆದಷ್ಟು ಬೇಗ ಖುದ್ದಾಗಿ ತೋರಿಸಿಕೊಳ್ಳಲು ಹೇಳಬೇಕು. 104 ಆರೋಗ್ಯ ಸಹಾಯವಾಣಿ; ಕೋವಿಡ್ ಕಾಲದಲ್ಲಿ ಆಪ್ತಮಿತ್ರ 14410 ಅಂಥದ್ದೇ ಇನ್ನೊಂದಾಗಿತ್ತು. 2020ರ ಏಪ್ರಿಲ್‌ನಲ್ಲಿ ಶುರುವಾದ ಸರ್ಕಾರಿ ಆನ್‌ಲೈನ್ ಸೇವೆ ಇ-ಸಂಜೀವಿನಿ ಒಪಿಡಿ, ಹೆಸರೇ ಹೇಳುವಂತೆ ಒಪಿಡಿ, ಅಂದರೆ ಹೊರರೋಗಿಗಳಿಗೆ. ಮೂರೂ ಉಪಯೋಗಕ್ಕೆ ಬಂದವೇ, ಆದರೆ ಎಮರ್ಜೆನ್ಸಿ ವಿಭಾಗದ ಟೆಲಿ ಕನ್ಸಲ್ಟೇಶನ್ ಇವುಗಳಲ್ಲಿ ಯಾವುದೂ ಅಲ್ಲ.

ಎಮರ್ಜೆನ್ಸಿ ವಿಭಾಗದಲ್ಲಿ ರೋಗಿ ಆಗಲೇ ಬೆಡ್ ಮೇಲೆ ಇರುತ್ತಾರೆ. ಪಕ್ಕದಲ್ಲಿ ನರ್ಸೋ ಡ್ಯೂಟಿ ಡಾಕ್ಟರೋ ಇರುತ್ತಾರೆ. ಪರದೆಯಲ್ಲಿ ಕಾಣುವವರು ಅವರ ಜೊತೆ ಸೇರಿಕೊಳ್ಳುವ ಇನ್ನೊಬ್ಬ ವೈದ್ಯರು.

ಜನ ಹೆಚ್ಚು ಎಡವುವುದು ‘ದೂರ’ ಎಂಬಲ್ಲಿ. ಟೆಲಿ ಅಂದಕೂಡಲೇ ಬೆಂಗಳೂರು, ಹೈದರಾಬಾದ್ ನೆನಪಾಗುತ್ತವೆ. ಉಸಿರಿನ ಸೋಂಕು ಹಬ್ಬಿದ ಕಾಲದಲ್ಲಿ ಎಷ್ಟೋ ಕಡೆ ಆ ದೂರ ಒಂದು ಬಾಗಿಲಿನಷ್ಟೇ ಇತ್ತು. ಐಸೊಲೇಶನ್ ಕೋಣೆಯೊಳಗೆ ಐವಿ ಸ್ಟ್ಯಾಂಡಿಗೆ ಕಟ್ಟಿದ ಟ್ಯಾಬ್, ಗೋಡೆಯ ಆಚೆ ಅದೇ ಆಸ್ಪತ್ರೆಯ ವೈದ್ಯರು. ಕೆಮ್ಮು ಯಾವಾಗ ಶುರುವಾಯಿತು, ಶುಗರ್ ಇದೆಯೇ, ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಲು ಪ್ರತಿ ಸಲ ಪಿಪಿಇ ಕಿಟ್ (ಸೋಂಕು ತಡೆಯುವ ಉಡುಪು) ತೊಟ್ಟು ಒಳಗೆ ಹೋಗಬೇಕಿಲ್ಲ. ಕಿಟ್ ತೊಡುವುದಕ್ಕಿಂತ ಬಿಚ್ಚುವಾಗ ಸೋಂಕು ತಗಲುವ ಭಯ ಹೆಚ್ಚು; ಒಳಗೆ ಹೋಗುವ ಸಲ ಕಡಿಮೆಯಾದಷ್ಟೂ ಒಳ್ಳೆಯದು. ಇದು ಕಲಬುರಗಿಗೆ ಬೇರೆಯವರು ಹೇಳಿಕೊಡಬೇಕಾದ ಮಾತಲ್ಲ. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ಇಲ್ಲಿಯದೇ. ಆ ರೋಗಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯರಿಗೂ ಸೋಂಕು ತಗಲಿದ್ದು ಅದೇ ತಿಂಗಳು ಗೊತ್ತಾಯಿತು.

ಹಾಗಂತ ಪರದೆಯಿಂದ ಎಲ್ಲವೂ ಆಗುವುದಿಲ್ಲ. ಗಂಟಲಿಗೆ ಕೊಳವೆ ಇಳಿಸುವ ಕೈ ಬೆಡ್ಡಿನ ಪಕ್ಕದಲ್ಲೇ ಇರಬೇಕು, ಸ್ಟೆತಸ್ಕೋಪೂ ಅಲ್ಲೇ ಇರಬೇಕು. ಕೋವಿಡ್‌ನಲ್ಲಿ ಕೆಲವರು ನಗುತ್ತ ಮಾತಾಡುತ್ತಿದ್ದರೂ ರಕ್ತದ ಆಕ್ಸಿಜನ್ ಆಗಲೇ ಕುಸಿದಿರುತ್ತಿತ್ತು. ಅಂಥವರ ಮುಖವನ್ನಷ್ಟೇ ವಿಡಿಯೋದಲ್ಲಿ ನೋಡಿದರೆ ಮೋಸಹೋದಂತೆಯೇ. ಬೆರಳಿಗೆ ಆಕ್ಸಿಮೀಟರ್ ಹಾಕಲೇಬೇಕು. ಹಾಕುವ ಮುಂಚೆ ನೇಲ್ ಪಾಲಿಶ್ ಒರೆಸಬೇಕು, ಕೈ ತಣ್ಣಗಿದ್ದರೆ ಬೆಚ್ಚಗೆ ಮಾಡಬೇಕು, ಅಂಕಿ ನಿಲ್ಲುವ ತನಕ ಕಾಯಬೇಕು. ಆಕ್ಸಿಜನ್ ಶೇಕಡಾ 94ಕ್ಕಿಂತ ಕೆಳಗೆ ಬಂದರೆ ಮಾತು ಅಲ್ಲಿಗೇ ಸಾಕು, ಆಕ್ಸಿಜನ್ ತಯಾರಿ ಆಗಬೇಕು. ಉಸಿರಿನ ಎಣಿಕೆ ಪೂರಾ ಒಂದು ನಿಮಿಷ ನಡೆಯಬೇಕು, ಅದೂ ಕ್ಯಾಮೆರಾ ಎದೆಯ ಮೇಲಿರುವಾಗ. ನಿಮಿಷಕ್ಕೆ 30 ದಾಟಿದರೆ ಅದು ತೀವ್ರ ಸ್ಥಿತಿ.

ಭಾಷೆಯ ಕಷ್ಟವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೇಡಂ ಕಡೆಯ ಅಜ್ಜಿ ‘ಜೀವ ಗಾಬರಾಗ್ಲಾಕತ್ತದ್ರೀ’ ಅಂದರೆ ಅದು ದಮ್ಮಿರಬಹುದು, ಎದೆಬಡಿತವಿರಬಹುದು, ಶುಗರ್ ಇಳಿದಿರಬಹುದು. ಬೆಂಗಳೂರಿನ ತಜ್ಞರ ಕಿವಿಗೆ ಅದು ಬರೀ ಹೆದರಿಕೆ. ಬೀದರಿನಲ್ಲಿ ಅದೇ ಮಾತು ದಖನಿ ಉರ್ದುವಿನಲ್ಲಿ ‘ಜೀ ಘಬ್ರಾರಾ’ ಎಂದು ಬರುತ್ತದೆ. ಮಾಸ್ಕು, ಜೋರಾಗಿ ಹರಿಯುವ ಹೈಫ್ಲೋ ಆಕ್ಸಿಜನ್ನಿನ ಸದ್ದು, ನಡುನಡುವೆ ನಿಲ್ಲುವ ನೆಟ್‌ವರ್ಕ್ ಇವುಗಳ ನಡುವೆ ಆ ಮಾತನ್ನು ಬಿಡಿಸಿ ಹೇಳುವವರು ಬೆಡ್ಡಿನ ಪಕ್ಕದ ನರ್ಸ್. ಟೆಲಿ ಕನ್ಸಲ್ಟೇಶನ್ ಬಂದರೆ ಸಿಬ್ಬಂದಿ ಕಡಿಮೆ ಸಾಕು ಎನ್ನುವವರು ಈ ಕೆಲಸವನ್ನು ಹತ್ತಿರದಿಂದ ನೋಡಿಲ್ಲ.

ಇನ್ನೊಂದು ಬಗೆ ವೈದ್ಯರಿಂದ ವೈದ್ಯರಿಗೆ. ಜಿಲ್ಲಾ ಆಸ್ಪತ್ರೆಯ ಡ್ಯೂಟಿ ಡಾಕ್ಟರು ದೂರದ ತಜ್ಞರನ್ನು ಕೇಳುವುದು. ರೋಗಿಯನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯುವುದೇ ರೂಢಿಯಾಗಿದ್ದ ನಮ್ಮ ಕಡೆ, ಲಾಕ್‌ಡೌನ್‌ನಲ್ಲಿ ಗಡಿ ಬಿಗಿಯಾದಾಗ ಇದರ ಬೆಲೆ ತಿಳಿಯಿತು. ಇಲ್ಲಿ ಹೊಣೆ ಯಾರದು ಎಂಬುದನ್ನೂ ಮಾರ್ಗಸೂಚಿ ಬರೆದೇ ಇಟ್ಟಿದೆ: ಸಲಹೆ ಕೇಳಿದವರೇ ಚಿಕಿತ್ಸಕ ವೈದ್ಯರಾಗಿ ಉಳಿಯುತ್ತಾರೆ, ಚಿಕಿತ್ಸೆಯ ಹೊಣೆ ಅವರದೇ. ‘ಬೆಂಗಳೂರಿನವರು ಹೇಳಿದರು’ ಎಂದು ಮನೆಯವರ ಮುಂದೆ ಕೈತೊಳೆದುಕೊಳ್ಳುವಂತಿಲ್ಲ. ಮಾತುಕತೆಯ ದಾಖಲೆ ಇಡುವುದೂ ಕಡ್ಡಾಯ. ಯಾರನ್ನು, ಎಷ್ಟು ಗಂಟೆಗೆ ಕೇಳಿದರು, ಆಗ ಆಕ್ಸಿಜನ್ ಎಷ್ಟಿತ್ತು, ಏನು ಸಲಹೆ ಬಂತು, ಅದರಲ್ಲಿ ಯಾವುದನ್ನು ಮಾಡಿದರು ಎಂಬುದೆಲ್ಲ ಕೇಸ್ ಶೀಟಿನಲ್ಲಿ ಬಂದಿರಬೇಕು. ರಾತ್ರಿ ಪಾಳಿಯ ಡಾಕ್ಟರು ಬದಲಾದಾಗ ಮುಂದಿನವರು ನೋಡುವುದು ಆ ಹಾಳೆಯನ್ನೇ.