ಅಕ್ಟೋಬರಿನಲ್ಲಿ ಚಿಗುರುವ ದ್ವೀಪ

ಯುರೋಪಿನ ಶರತ್ಕಾಲ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕೆಂಪು, ಹಳದಿ ಎಲೆಗಳು ಉದುರುವ ಚಿತ್ರ. ಗೋಡೆಯ ಕ್ಯಾಲೆಂಡರ್‌ಗಳು ಅದನ್ನೇ ತೋರಿಸುತ್ತಾ ಬಂದಿವೆ. ಆದರೆ ಅದು ಉತ್ತರದ ಚಳಿ ನಾಡುಗಳ ಮಾತು. ಇಟಲಿಯ ದಕ್ಷಿಣ ತುದಿಯಲ್ಲಿರುವ ಲಿನೋಸಾ ಎಂಬ ಪುಟ್ಟ ದ್ವೀಪದಲ್ಲಿ ನಡೆಯುವುದು ಪೂರ್ತಿ ಉಲ್ಟಾ. ಅಲ್ಲಿ ಗಿಡಗಳು ಎಲೆ ಉದುರಿಸುವುದು ಬೇಸಿಗೆ ಏರುವಾಗ. ಚಿಗುರುವುದು ಅಕ್ಟೋಬರಿನಲ್ಲಿ. ಆ ನೆಲಕ್ಕೆ ಹೊಸ ವರ್ಷ ಶುರುವಾಗುವುದೇ ಆಗ.

ಲಿನೋಸಾ ಇರುವುದು ಸಿಸಿಲಿ ಮತ್ತು ಟ್ಯುನೀಷಿಯಾ ನಡುವಿನ ಸಮುದ್ರದಲ್ಲಿ. ಸಿಸಿಲಿಯಿಂದ ಸುಮಾರು 160 ಕಿಲೋಮೀಟರ್ ದೂರ. ವಿಸ್ತೀರ್ಣ ಐದೂವರೆ ಚದರ ಕಿಲೋಮೀಟರಿಗಿಂತ ಜಾಸ್ತಿ ಇಲ್ಲ. ಜನ ನಾನೂರು ಚಿಲ್ಲರೆ. ನೆರೆಯ ಲಾಂಪೆಡೂಸಾ ಸುಣ್ಣಕಲ್ಲಿನ ಚಪ್ಪಟೆ ದ್ವೀಪವಾದರೆ, ಲಿನೋಸಾ ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿ. ಅದು ತಣ್ಣಗಾಗಿ ಐದು ಲಕ್ಷ ವರ್ಷಗಳೇ ಆದವು. ಈಗ ಉಳಿದಿರುವುದು ಕಪ್ಪು ಲಾವಾ ದಡ ಮತ್ತು ಕೆಲವು ಗುಡ್ಡಗಳು. ಎಲ್ಲಕ್ಕಿಂತ ಎತ್ತರದ ಮೊಂಟೆ ವುಲ್ಕಾನೊ ಕೂಡ 195 ಮೀಟರ್ ಅಷ್ಟೇ.

ದ್ವೀಪದಲ್ಲಿ ಹೊಳೆ ಇಲ್ಲ. 1845ರಲ್ಲಿ ಸರ್ಕಾರದ ಕಡೆಯಿಂದ ಇಲ್ಲಿ ನೆಲೆಸಲು ಬಂದ ಕುಟುಂಬಗಳು ಮಳೆನೀರನ್ನು ತೊಟ್ಟಿಗಳಲ್ಲಿ ತುಂಬಿಸಿಕೊಂಡೇ ಬದುಕಿದವು. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಬಂದದ್ದು ಎಷ್ಟೋ ಕಾಲದ ಮೇಲೆ. ವರ್ಷವಿಡೀ ಬೀಳುವ ಮಳೆ 300ರಿಂದ 350 ಮಿಲಿಮೀಟರ್ ಆಸುಪಾಸು. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳಿಗಿಂತಲೂ ಕಡಿಮೆ. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಅಕ್ಟೋಬರಿನಿಂದ ಮಾರ್ಚ್ ಒಳಗೆ. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಆಕಾಶ ಹೆಚ್ಚುಕಡಿಮೆ ಖಾಲಿ.

ಯಾಕೆ ಹೀಗೆ? ಬೇಸಿಗೆಯಲ್ಲಿ ಮೆಡಿಟರೇನಿಯನ್ ಮೇಲೆ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸುತ್ತಲೂ ಸಮುದ್ರ ಇದ್ದರೂ ಹನಿ ಮಳೆ ಇಲ್ಲ.

ಈ ಕಥೆಯಲ್ಲಿ ನಮ್ಮ ಮುಂಗಾರಿನದ್ದೂ ಒಂದು ಪಾಲಿದೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ತೋರಿಸಿದರು. ಭಾರತದ ಮೇಲೆ ಮುಂಗಾರು ಮೋಡಗಳು ಮಳೆಯಾಗುವಾಗ ಅಪಾರ ಶಾಖ ಬಿಡುಗಡೆಯಾಗುತ್ತದೆ. ಅಲ್ಲಿ ಗಾಳಿ ಮೇಲೇರುತ್ತದೆ. ಅದರ ಪರಿಣಾಮ ವಾತಾವರಣದ ಅಲೆಯಾಗಿ ಪಶ್ಚಿಮಕ್ಕೆ ಸಾಗಿ, ಸಹಾರಾದ ಪೂರ್ವ ಭಾಗ ಮತ್ತು ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿಯನ್ನು ಕೆಳಕ್ಕೆ ಇಳಿಸುತ್ತದೆ. ಗ್ರೀಸ್, ಟರ್ಕಿ ಕಡೆ ಈ ಪ್ರಭಾವ ಜೋರು. ಪಶ್ಚಿಮಕ್ಕಿರುವ ಲಿನೋಸಾದ ಹೊತ್ತಿಗೆ ಅದು ಕಡಿಮೆಯಾಗಿರುತ್ತದೆ. ಅಲ್ಲಿ ಅಟ್ಲಾಂಟಿಕ್ ಕಡೆಯಿಂದ ಚಾಚಿಕೊಂಡ ಹೆಚ್ಚು ಒತ್ತಡದ ಗಾಳಿಯದ್ದೇ ಮುಖ್ಯ ಪಾತ್ರ. ಆದರೂ ಆಗುಂಬೆಯಲ್ಲಿ ಜಡಿಮಳೆ ಹೊಡೆಯುತ್ತಿರುವ ದಿನಗಳಲ್ಲೇ ಗ್ರೀಸಿನ ಕ್ರೀಟ್ ದ್ವೀಪದ ಆಕಾಶ ನೀಲಿಯಾಗಿರುವುದು ಬರೀ ಕಾಕತಾಳೀಯ ಅಲ್ಲ.

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಆ ಹೆಚ್ಚು ಒತ್ತಡದ ಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಉತ್ತರದಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಕೆಳಗೆ ಸಮುದ್ರ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ಅಲ್ವಾ? ಕೆಳಗೆ ಬೆಚ್ಚನೆ ನೀರು, ಮೇಲೆ ತಣ್ಣನೆ ಗಾಳಿ. ಗುಡುಗು ಮಳೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆ ಬೇಕಿಲ್ಲ. ಹಾಗಾಗಿ ಮೊದಲ ಮಳೆ ಅಲ್ಲಿ ಮೆಲ್ಲಗೆ ಬರುವುದು ಅಪರೂಪ. ಗಾಳಿ, ಸಿಡಿಲು, ಧಾರಾಕಾರ ನೀರು ಎಲ್ಲವೂ ಒಟ್ಟಿಗೆ. ಸಿಸಿಲಿಯ ಪೋರ್ತೊ ಎಂಪೆದೊಕ್ಲೆ ಬಂದರಿನಿಂದ ಬರುವ ಹಡಗು ಕೆಲವೊಮ್ಮೆ ದಿನಗಟ್ಟಲೆ ನಿಂತುಹೋಗುತ್ತದೆ. ದ್ವೀಪದ ಬೇರೆ ಬೇರೆ ದಿಕ್ಕಿನಲ್ಲಿ ಹಡಗು ನಿಲ್ಲುವ ಪುಟ್ಟ ಕಟ್ಟೆಗಳಿವೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ ಹಡಗು ಜಾಗ ಆರಿಸಿಕೊಳ್ಳುತ್ತದೆ.

ಮೊದಲ ಮಳೆ ಬಿದ್ದ ಕೂಡಲೇ ಮಣ್ಣು ಉಸಿರು ಬಿಡುತ್ತದೆ. ಇದು ಕವಿತೆಯ ಮಾತಲ್ಲ, ಅಳತೆ ಮಾಡಿ ನೋಡಿದ್ದು. ತಿಂಗಳುಗಟ್ಟಲೆ ಒಣಗಿ ಮಲಗಿದ್ದ ಸೂಕ್ಷ್ಮಜೀವಿಗಳು ನೀರು ಸಿಕ್ಕ ಕೆಲವೇ ಗಂಟೆಗಳಲ್ಲಿ ಎದ್ದು, ಸತ್ತ ಬೇರು, ಎಲೆಚೂರುಗಳನ್ನು ತಿನ್ನತೊಡಗುತ್ತವೆ. ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಭುಸ್ಸನೆ ಹೊರಬರುತ್ತದೆ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದ ಮಣ್ಣಿನ ಮೇಲೆ ಕೆಲಸ ಮಾಡಿದ ಎಚ್. ಎಫ್. ಬರ್ಚ್ ಅವರ ಹೆಸರಿನಲ್ಲಿ ಇದನ್ನು ಬರ್ಚ್ ಪರಿಣಾಮ ಎನ್ನುತ್ತಾರೆ. ಇದೇ ಹೊತ್ತಿನಲ್ಲಿ ಗಿಡಗಳಿಗೆ ಬೇಕಾದ ಸಾರಜನಕವೂ ಬಿಡುಗಡೆಯಾಗುತ್ತದೆ. ಚಿಗುರಿಗೆ ಗೊಬ್ಬರ ಸಿಗುವುದು ಹೀಗೆ.

ಬೀಜಗಳಿಗೆ ಕಾಲ ಹೇಗೆ ಗೊತ್ತಾಗುತ್ತದೆ ಎನ್ನುವುದು ಇನ್ನೂ ಸೊಗಸಾದ ವಿಷಯ. ಆಗಸ್ಟಿನಲ್ಲಿ ಒಂದು ಅಡ್ಡಮಳೆ ಬಂತು ಅಂತಿಟ್ಟುಕೊಳ್ಳಿ. ಅದನ್ನು ನಂಬಿ ಮೊಳೆತ ಸಸಿ ವಾರದೊಳಗೆ ಸುಟ್ಟುಹೋಗುತ್ತದೆ. ಹಾಗಾಗಿ ಮೆಡಿಟರೇನಿಯನ್‌ನ ಎಷ್ಟೋ ಹುಲ್ಲು, ಹೂಗಿಡಗಳ ಬೀಜಗಳು ಬರೀ ತೇವಕ್ಕೆ ಮೊಳೆಯುವುದಿಲ್ಲ. ಮಣ್ಣು ತಣ್ಣಗೂ ಆಗಿರಬೇಕು. ಬಿಸಿ ಹೆಚ್ಚಿದ್ದರೆ ಬೀಜ ಸುಮ್ನೆ ಮಲಗಿಯೇ ಇರುತ್ತದೆ. ತೇವ ಮತ್ತು ತಂಪು ಎರಡೂ ಒಟ್ಟಿಗೆ ಸಿಗುವುದು ಶರತ್ಕಾಲದಲ್ಲಿ ಮಾತ್ರ.

ಮರದಷ್ಟೇ ಗಟ್ಟಿಯಾಗಿ ಬೆಳೆಯುವ ಒಂದು ಕಳ್ಳಿ ಜಾತಿಯ ಪೊದೆ ಅಲ್ಲಿದೆ, ಯೂಫೋರ್ಬಿಯಾ ಡೆಂಡ್ರಾಯಿಡ್ಸ್. ಬೇಸಿಗೆ ಹತ್ತಿರವಾದಂತೆ ಅದರ ಎಲೆ ಕೆಂಪಾಗಿ ಉದುರುತ್ತದೆ. ಬೇಸಿಗೆಯಿಡೀ ಬೋಳು ಕೊಂಬೆಗಳು. ಮೊದಲ ಮಳೆಗೆ ಹಸಿರು ಗರಿಗೆದರುತ್ತದೆ. ನೀರಿಲ್ಲದಾಗ ಎಲೆ ಇಟ್ಟುಕೊಳ್ಳುವುದು ನಷ್ಟದ ಬಾಬತ್ತು. ಉತ್ತರದ ಮರಗಳು ಚಳಿಗೆ ಹೆದರಿ ಮಾಡುವ ಕೆಲಸವನ್ನು ಇದು ಬಾಯಾರಿಕೆಗೆ ಹೆದರಿ ಮಾಡುತ್ತದೆ.

ಕೆಲವು ಗಿಡಗಳಿಗೆ ಮಳೆಯವರೆಗೆ ಕಾಯುವ ತಾಳ್ಮೆಯೂ ಇಲ್ಲ. ಸಮುದ್ರ ಈರುಳ್ಳಿ ಎಂದು ಕರೆಯುವ ಡ್ರಿಮಿಯಾ ಹಾಗೆ. ಇದು ಮೆಡಿಟರೇನಿಯನ್ ಕರಾವಳಿಯ ಉದ್ದಕ್ಕೂ ಸಿಗುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರಿನ ಒಣ ನೆಲದಿಂದ ಒಂದೇ ಒಂದು ಎಲೆಯೂ ಇಲ್ಲದೆ ಮೀಟರಿಗಿಂತ ಎತ್ತರದ ಬಿಳಿ ಹೂವಿನ ದಂಟು ಎದ್ದು ನಿಲ್ಲುತ್ತದೆ. ಹಿಂದಿನ ಚಳಿಗಾಲದಲ್ಲಿ ಗೆಡ್ಡೆಯಲ್ಲಿ ಕೂಡಿಟ್ಟ ನೀರು, ಪಿಷ್ಟದಲ್ಲೇ ಎಲ್ಲಾ ಖರ್ಚು. ಎಲೆ ಬರುವುದು ಮಳೆಯ ನಂತರ. ಇದರ ಹತ್ತಿರದ ಸಂಬಂಧಿ ಡ್ರಿಮಿಯಾ ಇಂಡಿಕಾ ನಮ್ಮಲ್ಲೇ ಇದೆ. ಕಾಡು ಈರುಳ್ಳಿ ಎನ್ನುತ್ತೇವಲ್ಲ, ಅದೇ. ಅದೂ ಮುಂಗಾರಿಗೆ ಮುಂಚಿನ ಬಿಸಿಲಿನಲ್ಲಿ ಎಲೆ ಇಲ್ಲದೆ ಹೂ ಬಿಡುತ್ತದೆ. ಎರಡೂ ಕಡೆ ಲೆಕ್ಕಾಚಾರ ಒಂದೇ: ಮಳೆ ಶುರುವಾಗುವಷ್ಟರಲ್ಲಿ ಬೀಜ ತಯಾರಾಗಿರಬೇಕು. ತಿಂಗಳು ಮಾತ್ರ ಬೇರೆ. ಎರಡರ ಗೆಡ್ಡೆಯೂ ವಿಷ. ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳು ಅದರಲ್ಲಿವೆ. ದನಕರುಗಳು ಅದಕ್ಕೆ ಬಾಯಿ ಹಾಕದಿರುವುದು ಅದಕ್ಕೇ.

ರೈತರ ಕೆಲಸವೂ ಈ ಕಾಲಕ್ಕೆ ಕಟ್ಟುಬಿದ್ದಿದೆ. ಲಿನೋಸಾದ ಸಣ್ಣ ಕಾಳಿನ ಮಸೂರಕ್ಕೆ ಇಟಲಿಯಲ್ಲಿ ಹೆಸರಿದೆ. ಮಳೆ ಇಂಗಿದ ಮೇಲೆ, ಚಳಿ ಶುರುವಾಗುವಾಗ ಬಿತ್ತುತ್ತಾರೆ. ಬೇಸಿಗೆ ಬಲಿಯುವ ಮುಂಚೆ ಕೀಳುತ್ತಾರೆ. ನಮ್ಮ ಹಿಂಗಾರಿ ಕಡಲೆಯ ಲೆಕ್ಕವೇ. ಹೊಲದ ಅಂಚಿಗೆ ಕಲ್ಲುಗೋಡೆ, ಪಾಪಸ್ಸುಕಳ್ಳಿ ಬೇಲಿ. ಕಾಯುವುದು ದನದಿಂದಷ್ಟೇ ಅಲ್ಲ, ಉಪ್ಪು ಹೊತ್ತು ತರುವ ಗಾಳಿಯಿಂದ.

ಸಮುದ್ರದ ಕಡೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಲಾಂಪೂಗಾ ಮೀನಿನ ಕಾಲ. ಸಿಸಿಲಿ, ಮಾಲ್ಟಾ ಸುತ್ತಲಿನ ಮೀನುಗಾರರು ತಾಳೆ ಜಾತಿಯ ಗರಿಗಳನ್ನು ಕಟ್ಟಿ ತೇಲಿಬಿಡುತ್ತಾರೆ, ಕಲ್ಲು ಕಟ್ಟಿ ಲಂಗರು ಹಾಕುತ್ತಾರೆ. ತೆರೆದ ಸಮುದ್ರದಲ್ಲಿ ಅಷ್ಟೇ ನೆರಳು ಸಾಕು, ಎಳೆಯ ಲಾಂಪೂಗಾಗಳು ಅದರಡಿ ಗುಂಪುಗೂಡುತ್ತವೆ. ಈ ಮೀನು ಬೆಳೆಯುವ ವೇಗ ಬೆರಗು ಹುಟ್ಟಿಸುತ್ತದೆ. ಬೇಸಿಗೆಯ ಮರಿ ಶರತ್ಕಾಲಕ್ಕೆ ತಟ್ಟೆ ತುಂಬುವಷ್ಟಾಗುತ್ತದೆ.

ಪಶ್ಚಿಮದ ಪೊತ್ಸೊಲಾನಾ ಎಂಬ ಕಪ್ಪು ಮರಳಿನ ಪುಟ್ಟ ತೀರದಲ್ಲಿ ಕ್ಯಾರೆಟ್ಟಾ ಕಡಲಾಮೆಗಳು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತವೆ. ತಡವಾಗಿ ಇಟ್ಟ ಮೊಟ್ಟೆಗಳಿಂದ ಮರಿ ಹೊರಬರುವುದು ಸೆಪ್ಟೆಂಬರಿನಲ್ಲಿ. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದು ಮರಳಿನ ಶಾಖ. ಸುಮಾರು 29 ಡಿಗ್ರಿಗಿಂತ ಬಿಸಿ ಇದ್ದರೆ ಹೆಣ್ಣುಗಳು ಹೆಚ್ಚು. ಲಾವಾದ ಕಪ್ಪು ಮರಳು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಆದ್ದರಿಂದ ಕಪ್ಪು ತೀರದ ಗೂಡುಗಳು ಹೆಣ್ಣಿನ ಕಡೆಗೇ ವಾಲುತ್ತವೆ. ಭೂಮಿ ಬಿಸಿಯೇರುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಚಿಂತೆ ಅಲ್ಲ.

ಆದರೆ ಲಿನೋಸಾದ ಶರತ್ಕಾಲದ ನಿಜವಾದ ಒಡೆಯರು ಹಕ್ಕಿಗಳು. ಸ್ಕೊಪೊಲಿಯ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಸುಮಾರು 10,000 ಜೋಡಿಗಳು ಈ ದ್ವೀಪದಲ್ಲಿ ಗೂಡು ಮಾಡುತ್ತವೆ. ಇಟಲಿಯಲ್ಲಿ ಇದಕ್ಕಿಂತ ದೊಡ್ಡ ನೆಲೆ ಇನ್ನೊಂದಿಲ್ಲ. ಜನ ನಾನೂರು, ಹಕ್ಕಿ ಇಪ್ಪತ್ತು ಸಾವಿರ. ಊರಿನವರು ಇದನ್ನು ಟುರಿಯಾಕಾ ಎನ್ನುತ್ತಾರೆ. ಹಗಲೆಲ್ಲಾ ಸಮುದ್ರದಲ್ಲಿ, ದಡಕ್ಕೆ ಬರುವುದು ಕತ್ತಲಾದ ಮೇಲೆ. ಲಾವಾ ಬಂಡೆಗಳ ಬಿರುಕುಗಳಲ್ಲಿ ಗೂಡು. ಕತ್ತಲ ರಾತ್ರಿಗಳಲ್ಲಿ ಅವುಗಳ ಕೂಗು ಎಳೆಮಗುವಿನ ಅಳುವಿನಂತೆ ಕೇಳುತ್ತದೆ. ಬೆಳದಿಂಗಳಿದ್ದರೆ ಸದ್ದು ಕಡಿಮೆ.

ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಮೇ ಕೊನೆಯಲ್ಲಿ. ಅದು ಹಾಳಾದರೆ ಆ ವರ್ಷ ಇನ್ನೊಂದಿಲ್ಲ. ಜುಲೈ ನಡುವಿನಲ್ಲಿ ಮರಿ. ಮೂರು ತಿಂಗಳು ಅಪ್ಪ ಅಮ್ಮ ಇಬ್ಬರೂ ಮೀನು ತಂದು ತಿನ್ನಿಸುತ್ತಾರೆ. ಮರಿ ಒಂದು ಹಂತದಲ್ಲಿ ದೊಡ್ಡವರಿಗಿಂತಲೂ ಭಾರವಾಗುತ್ತದೆ. ಅಕ್ಟೋಬರ್ ಬಂತೆಂದರೆ ತಿನ್ನಿಸುವುದು ಕಡಿಮೆಯಾಗುತ್ತದೆ. ಕೊಬ್ಬು ಕರಗಿ, ರೆಕ್ಕೆ ಬಲಿತು, ಯಾವುದೋ ಒಂದು ರಾತ್ರಿ ಮರಿ ತಾನಾಗಿ ಹೊರಗೆ ಬಂದು ಹಾರುತ್ತದೆ. ದಾರಿ ತೋರಿಸಲು ಯಾರೂ ಜೊತೆಗಿರುವುದಿಲ್ಲ. ಜಿಬ್ರಾಲ್ಟರ್ ದಾಟಿ ಅಟ್ಲಾಂಟಿಕ್‌ಗೆ ಹೋಗಿ, ಆಫ್ರಿಕಾದ ಪಶ್ಚಿಮ ಕರಾವಳಿಯ ಮೀನು ತುಂಬಿದ ನೀರಿನಲ್ಲಿ ಚಳಿಗಾಲ ಕಳೆಯಬೇಕು.

ದೊಡ್ಡ ಹಕ್ಕಿಗಳು ದಾರಿ ಹೇಗೆ ಹಿಡಿಯುತ್ತವೆ ಎನ್ನುವುದಕ್ಕೆ ಇನ್ನೊಂದು ಇಟಾಲಿಯನ್ ದ್ವೀಪ ಪಿಯಾನೋಸಾದ ಹಕ್ಕಿಗಳ ಮೇಲೆ ನಡೆದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಗೂಡಿನಿಂದ ಹಿಡಿದು ದೂರದ ಸಮುದ್ರದಲ್ಲಿ ಬಿಟ್ಟರು. ಕೆಲವಕ್ಕೆ ಮೈಮೇಲೆ ಅಯಸ್ಕಾಂತ ಅಂಟಿಸಿದ್ದರು. ಇನ್ನು ಕೆಲವಕ್ಕೆ ತಾತ್ಕಾಲಿಕವಾಗಿ ವಾಸನೆ ಹಿಡಿಯುವ ಶಕ್ತಿ ಇಲ್ಲದಂತೆ ಮಾಡಿದ್ದರು. ಅಯಸ್ಕಾಂತ ಹೊತ್ತವು ಮನೆಯ ದಿಕ್ಕು ಹಿಡಿದವು. ಮೂಗು ಕಳೆದುಕೊಂಡವು ತೆರೆದ ಸಮುದ್ರದಲ್ಲಿ ದಿಕ್ಕು ತಪ್ಪಿದವು. ತೀರ ಕಾಣಿಸಿದ ಮೇಲಷ್ಟೇ ಅವುಗಳಿಗೆ ದಾರಿ ಸಿಕ್ಕಿತು. ನಮಗೆ ಒಂದೇ ಥರ ಕಾಣುವ ನೀರಿನ ಮೇಲೆ ಅವುಗಳಿಗೆ ವಾಸನೆಯ ನಕ್ಷೆಯೇ ಇದೆ.

ಎಳೆಯ ಹಕ್ಕಿಗೆ ಮೊದಲ ರಾತ್ರಿಯ ದೊಡ್ಡ ಅಪಾಯ ವಿದ್ಯುತ್ ದೀಪ. ಬೀದಿದೀಪ, ಹೋಟೆಲ್ ದೀಪಗಳ ಕಡೆಗೆ ಹಾರಿ ನೆಲಕ್ಕೆ ಬೀಳುತ್ತದೆ. ಉದ್ದ ರೆಕ್ಕೆಯ ಈ ಹಕ್ಕಿಗೆ ಚಪ್ಪಟೆ ನೆಲದಿಂದ ಮೇಲೇಳುವುದು ಕಷ್ಟ. ಬೆಕ್ಕಿಗೋ ವಾಹನಕ್ಕೋ ಸಿಕ್ಕಿಬಿಡುತ್ತದೆ. ಬೇಸಿಗೆಯಲ್ಲೂ ಬೆಳಕಿನ ಕಾಟ ತಪ್ಪಿದ್ದಲ್ಲ. ಗೂಡುಗಳ ಹತ್ತಿರ ಜೋರು ಸಂಗೀತ ಮತ್ತು ದೀಪಗಳ ಮೋಜು ನಡೆದ ರಾತ್ರಿಗಳಲ್ಲಿ ಮರಿಗಳ ತೂಕ ಕಡಿಮೆ ಏರಿದ್ದನ್ನು ಲಿನೋಸಾದಲ್ಲಿ ಕೆಲಸ ಮಾಡಿದ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದಾರೆ. ಅಪ್ಪ ಅಮ್ಮ ಕತ್ತಲಾಗಲಿ ಎಂದು ಸಮುದ್ರದಲ್ಲೇ ಕಾದರೆ, ಮರಿಗೆ ಊಟ ತಪ್ಪುತ್ತದೆ. ಪ್ರವಾಸಿಗರು ಬೇಡ ಎಂದು ನಾನು ಹೇಳಲಾರೆ, ಊರಿನ ದುಡಿಮೆಯೇ ಅದರಿಂದ. ಆದರೆ ಗೂಡಿನ ದಡದಲ್ಲಿ ದೀಪ ಆರಿಸುವುದಕ್ಕೆ ಖರ್ಚೇನೂ ಇಲ್ಲ.

ಇಲಿಗಳದ್ದು ಬೇರೆ ತೊಂದರೆ. ಹಡಗುಗಳ ಜೊತೆ ಬಂದು ಮೊಟ್ಟೆ, ಎಳೆಮರಿಗಳನ್ನು ತಿನ್ನುತ್ತಿದ್ದವು. ಯುರೋಪಿಯನ್ ಒಕ್ಕೂಟದ ಹಣದಿಂದ ಕಳೆದ ದಶಕದಲ್ಲಿ ದ್ವೀಪದಿಂದ ಅವುಗಳನ್ನು ತೆಗೆಯುವ ಕೆಲಸ ನಡೆಯಿತು. ಹಿಂದೆ ಊರಿನವರೂ ಈ ಹಕ್ಕಿಯ ಮೊಟ್ಟೆ ಆರಿಸಿ ತಿನ್ನುತ್ತಿದ್ದರು. ಈಗ ಅದಕ್ಕೆ ಕಾನೂನಿನ ತಡೆ ಇದೆ.

ಇದೆಲ್ಲದರ ಫಲ ಬೇಗ ಕಾಣಿಸುವುದಿಲ್ಲ. ಈ ಅಕ್ಟೋಬರಿನಲ್ಲಿ ಹಾರಿದ ಮರಿ ಮೊದಲ ಕೆಲವು ವರ್ಷ ಸಮುದ್ರದಲ್ಲೇ ಕಳೆಯುತ್ತದೆ. ಆಮೇಲೆ ದ್ವೀಪಕ್ಕೆ ಬಂದು ಜಾಗ ನೋಡುತ್ತದೆ, ಸಂಗಾತಿ ಹುಡುಕುತ್ತದೆ. ಮೊದಲ ಮೊಟ್ಟೆ ಇಡುವಷ್ಟರಲ್ಲಿ ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಆಗಿರುತ್ತದೆ. ಗೂಡು ಎಣಿಸುವವರು ಅಷ್ಟು ವರ್ಷ ಬಿಡದೆ ಲೆಕ್ಕ ಇಟ್ಟುಕೊಂಡು ಬರಬೇಕು.